ಎಡಮುರಿ, ಬಲಮುರಿ

ನಮ್ಮಲ್ಲಿ ಎಡಗೈಯಷ್ಟು ನಿಂದೆಗೆ ಗುರಿಯಾದ ಅವಯವವು ಮತ್ತೊಂದಿಲ್ಲ. ದಿನವೆಲ್ಲವೂ ಅದು ಬಲಗೈಗೆ ಸರಿಸಮವಾಗಿ ದುಡಿಯುವುದು. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿಯುವುದೂ, ಅಳುವ ಕೂಸನ್ನು ಕಂಕುಳಿಗೆ ಆನಿಸಿಕೊಳ್ಳುವುದೂ ಬಹುಮಟ್ಟಿಗೆ ಅದರ ಕೆಲಸವೇ. ಆದರೂ ಪ್ರಸಾದಕ್ಕೆ ಅದನ್ನು ಚಾಚಿದೊಡನೆ ಹಿರಿಯರ ಹುಬ್ಬು ಗಂಟಿಕ್ಕುವುದು. ಅದರಿಂದ ಹಣ ಕೊಟ್ಟರೆ ಅಂಗಡಿಯವನು ಮುಖ ಸಿಂಡರಿಸುವನು. ಈ ರೂಢಿಯ ಸರಿತಪ್ಪುಗಳನ್ನು ತೂಗುವುದು ನಮ್ಮ ಉದ್ದೇಶವಲ್ಲ. ಆ ರೂಢಿಯ ಹೆಸರಿನಲ್ಲಿ ನಾವು ಮಾಡಿದ ಒಂದು ತಪ್ಪನ್ನೂ, ಇಪ್ಪತ್ತು ವರ್ಷಗಳ ತರುವಾಯ ಅದು ನಮ್ಮ ಅರಿವಿಗೆ ಬಂದ ಬಗೆಯನ್ನೂ ವಾಚಕರ ಮುಂದಿಡುವುದಷ್ಟೇ ನಮ್ಮ ಆಶಯ. ನಮ್ಮ ಕಣ್ಣು ತೆರೆಯಿಸಿದುದು ಧರ್ಮಶಾಸ್ತ್ರವೂ ಅಲ್ಲ, ನೀತಿಗ್ರಂಥವೂ ಅಲ್ಲ. ಸ್ಫಟಿಕಗಳ ಒಡಲಲ್ಲಿರುವ ಸೂಜಿಗಲ್ಲಿನ ಗುಣವನ್ನು ಪರೀಕ್ಷಿಸುವ ಒಂದು ವಿಜ್ಞಾನವೆಂದರೆ ಯಾರಾದರೂ ನಕ್ಕಾರು. ನಗಲಿ, ಆದರೆ ಕಡೆಯವರೆಗೆ ಓದಿ ನಗಲಿ ಎಂದು ಬೇಡಿಕೊಳ್ಳುವೆವು.

ನಾವು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಹಡಗಲಿ ಈ ನಾಲ್ಕು ಕಡೆಗಳ ನೀರು ಕುಡಿದು, ಕಡೆಗೆ ಹುಟ್ಟೂರಾದ ಕೊಟ್ಟೂರಿನಲ್ಲಿ ನೆಲೆಸಿದವರು. ನಮ್ಮ ಸೀಮೆಯ ಹಣೆಯ ಮೇಲಿನ ಹೆಸರು ಎಷ್ಟೋ ಬಾರಿ ಬದಲಾಯಿತು. ಮದರಾಸು ಪ್ರಾಂತದಲ್ಲಿದ್ದುದು 1953ರಲ್ಲಿ ಮೈಸೂರಿಗೆ ಸೇರಿತು. ಹರಪನಹಳ್ಳಿಯು ನಡುವೆ ಕೆಲವು ಕಾಲ ದಾವಣಗೆರೆ ಜಿಲ್ಲೆಗೆ ಹೋಗಿ ಮರಳಿ ಬಂದಿತು. 2021ರಿಂದ ಈ ಐದು ಊರುಗಳೂ ವಿಜಯನಗರ ಜಿಲ್ಲೆಯವಾದುವು. ಕಚೇರಿಯ ಮುದ್ರೆಗಳು ಹೀಗೆ ಬದಲಾದರೂ ಮನೆಯೊಳಗಿನ ನಂಬಿಕೆಗಳು ಅಷ್ಟು ಬೇಗ ಬದಲಾಗುವುದಿಲ್ಲವೆಂಬುದಕ್ಕೆ ನಾವೇ ಸಾಕ್ಷಿ.

ನಮ್ಮ ತಂಗಿಯನ್ನು ಹಡಗಲಿಯ ಸಮೀಪದ ಒಂದು ಹಳ್ಳಿಗೆ ಕೊಟ್ಟಿದೆ. ಹಡಗಲಿಯ ಮಲ್ಲಿಗೆಯ ಕೀರ್ತಿಯನ್ನು ವಾಚಕರು ಬಲ್ಲರು. ಅವರದೂ ಮಲ್ಲಿಗೆಯ ತೋಟವೇ. ಆಕೆಯ ಮಗಳು ಆರು ವರ್ಷದ ಹುಡುಗಿಯಾಗಿದ್ದಾಗ ನಮ್ಮ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಗೇ ಬರುತ್ತಿದ್ದಳು. ಚುರುಕಾದ ಹುಡುಗಿ, ಬಾಯಿ ಬಿಟ್ಟರೆ ಪ್ರಶ್ನೆ. ಆದರೆ ಎಡಚಿ. ಹೂವು ಕಟ್ಟುವಾಗ ಅವಳ ದಾರವು ಉಳಿದ ಹೆಂಗಸರ ದಾರಕ್ಕೆ ಎದುರಾಗಿ ಸುತ್ತುವುದು. ಬಳಪವನ್ನು ಹಿಡಿಯುವುದೂ ಎಡಗೈಯಲ್ಲಿಯೇ. ಹೆಣ್ಣುಮಗು, ನಾಳೆ ಗಂಡನ ಮನೆಯಲ್ಲಿ ಬಡಿಸುವಾಗ ನಾಲ್ವರು ಆಡಿಕೊಂಡಾರೆಂದು ತಂಗಿಯು ಹೇಳಿದಳು. ನಾವು ತಿದ್ದಲು ಹೊರಟೆವು. ಮೊದಲು ಮಾತಿನಿಂದ, ಅನಂತರ ರೂಲುದೊಣ್ಣೆಯಿಂದ ಬೆರಳ ಗೆಣ್ಣುಗಳ ಮೇಲೆ, ಕಡೆಗೆ ಅವಳ ಎಡ ಮಣಿಕಟ್ಟನ್ನು ಬಟ್ಟೆಯ ಪಟ್ಟಿಯಿಂದ ಸೊಂಟಕ್ಕೆ ಕಟ್ಟಿ ಹನ್ನೆರಡು ದಿನ ತರಗತಿಯಲ್ಲಿ ಕೂರಿಸಿದೆವು. ನಮ್ಮ ಪ್ರಯತ್ನವು ಸಫಲವಾಯಿತು. ಬಲಗೈಗೆ ಅಕ್ಷರ ಬಂದಿತು. ಪ್ರಶ್ನೆಗಳು ಮಾತ್ರ ನಿಂತುಹೋದುವು. ಹುಡುಗಿಗೆ ಗಾಂಭೀರ್ಯ ಬಂದಿತೆಂದು ನಾವು ಸಂತೋಷಪಟ್ಟೆವು.

ಈಗ ಆಕೆಯು ಭೌತಶಾಸ್ತ್ರದಲ್ಲಿ ಉನ್ನತ ಪದವಿಯನ್ನು ಪಡೆದು ಸಂಶೋಧನೆಯಲ್ಲಿ ತೊಡಗಿರುವಳು. ಆಗಾಗ್ಗೆ ಮುಂಬಯಿಗೆ ಹೋಗಿ ಅಲ್ಲಿನ ಟ್ರಾಂಬೆಯ ಪರಮಾಣು ಕೇಂದ್ರದಲ್ಲಿ ಕೆಲವು ದಿನ ಪ್ರಯೋಗ ನಡೆಸಿ ಬರುವಳು. ಏನು ಪ್ರಯೋಗವೆಂದು ನಾವು ಎಂದೂ ಕೇಳಿರಲಿಲ್ಲ. ಈ ವರ್ಷ ಮಾಘ ಬಹುಳದಲ್ಲಿ ಶ್ರೀ ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವಕ್ಕೆಂದು ಆಕೆ ನಮ್ಮ ಮನೆಗೆ ಬಂದಳು. ನಮ್ಮ ಮಗನ ಮಗನಿಗೆ ಈಗ ಐದು ತುಂಬಿದೆ. ದೈವಸಂಕಲ್ಪವನ್ನು ನೋಡಿರಿ, ಅವನೂ ಎಡಚ! ತೇರಿನ ಮರುದಿನ ಬೆಳಗ್ಗೆ ನಮ್ಮ ಮನೆಯಾಕೆಯು, "ನೀವಿದ್ದೂ ಹುಡುಗ ಹೀಗೆ ಆದರೆ ಹೇಗೆ? ಆಗ ಅವಳನ್ನು ತಿದ್ದಲಿಲ್ಲವೆ? ಇವನನ್ನೂ ತಿದ್ದಿರಿ" ಎಂದಳು. ನಾವು ಸ್ಲೇಟನ್ನು ತೆಗೆದುಕೊಂಡು ಪಡಸಾಲೆಯಲ್ಲಿ ಕುಳಿತೆವು. ಮೊಮ್ಮಗನು ಎಡಗೈಯನ್ನು ನೀಡಿದನು. ನಾವು ಅದನ್ನು ಹಿಂದಕ್ಕೆ ಸರಿಸಿದೆವು.

ಕಂಬಕ್ಕೆ ಒರಗಿ ಕುಳಿತಿದ್ದ ಸೋದರಸೊಸೆಯು, "ಮಾವಾ, ಒಂದು ಗಳಿಗೆ ತಡೆಯಿರಿ. ಮುಂಬಯಿಯಲ್ಲಿ ನಾನು ಏನು ಮಾಡುತ್ತೇನೆಂದು ನೀವು ಇದುವರೆಗೆ ಕೇಳಲಿಲ್ಲ. ಇಂದು ನಾನೇ ಹೇಳುತ್ತೇನೆ, ಕೇಳಿ. ಆಮೇಲೆ ನಿಮ್ಮಿಷ್ಟ" ಎಂದಳು.

ಎದ್ದು ಹೋಗಿ ಹಿತ್ತಿಲಿನಿಂದ ಎರಡು ತುಂಡು ಹಗ್ಗವನ್ನು ತಂದಳು. ಒಂದರ ಹುರಿ ಬಲಕ್ಕೆ, ಇನ್ನೊಂದರದು ಎಡಕ್ಕೆ. "ಬಲಹುರಿಯ ಹಗ್ಗವನ್ನು ತಲೆಕೆಳಗು ಮಾಡಿ, ಎಡಹುರಿ ಆಗುತ್ತದೆಯೋ ನೋಡಿ" ಎಂದಳು. ತಿರುಗಿಸಿದೆವು. ಹೇಗೆ ಹಿಡಿದರೂ ಬಲಹುರಿಯು ಬಲಹುರಿಯಾಗಿಯೇ ಉಳಿಯಿತು. ಇಷ್ಟು ವರ್ಷ ದನ ಕಟ್ಟಿದ ಹಗ್ಗದಲ್ಲಿ ಈ ಗುಣವಿರುವುದನ್ನು ನಾವು ಗಮನಿಸಿರಲಿಲ್ಲ. ಬಲಹುರಿಯು ಎಡಹುರಿಯಾಗಿ ತೋರಬೇಕಾದರೆ ಕನ್ನಡಿಯೊಂದೇ ದಾರಿ. ನಮ್ಮ ಎರಡು ಕೈಗಳ ಸಂಬಂಧವೂ ಅಂತಹುದೇ. ಒಂದು ಇನ್ನೊಂದರ ಕನ್ನಡಿಯ ಬಿಂಬ. ಆದರೆ ಒಂದರ ಕೈಚೀಲವು ಇನ್ನೊಂದಕ್ಕೆ ಹಿಡಿಸದು. ಲಾರ್ಡ್ ಕೆಲ್ವಿನ್ ಎಂಬ ವಿಜ್ಞಾನಿಯು ಇಂತಹ ವಸ್ತುಗಳಿಗೆ ಗ್ರೀಕರ ಭಾಷೆಯಲ್ಲಿ ಕೈಯೆಂಬ ಅರ್ಥವುಳ್ಳ ಪದದಿಂದಲೇ 'ಕೈರಲ್' ಎಂಬ ಹೆಸರನ್ನು ಕಟ್ಟಿದನಂತೆ. ನಾವು ಅದನ್ನು 'ಮುರಿಯುಳ್ಳ ವಸ್ತು'ವೆಂದು ಕರೆಯಬಹುದು. ಬಲಮುರಿ ಎಡಮುರಿಗಳೆಂಬ ಮಾತು ನಮ್ಮಲ್ಲಿ ಹಳೆಯದಷ್ಟೆ.

"ಬಲಮುರಿ ಶಂಖವು ಶ್ರೇಷ್ಠವಲ್ಲವೆ?" ಎಂದು ನಮ್ಮ ಮನೆಯಾಕೆ ಕೇಳಿದಳು. ಅದಕ್ಕೆ ಬಂದ ಉತ್ತರವು ನಮ್ಮನ್ನು ಬೆರಗುಗೊಳಿಸಿತು. ಬಹುಪಾಲು ಶಂಖಗಳೆಲ್ಲವೂ ಒಂದೇ ಕಡೆಗೆ ಸುತ್ತಿರುವುವು. ಎದುರು ಸುತ್ತಿನದು ಅತ್ಯಂತ ಅಪೂರ್ವ. ಆ ಅಪೂರ್ವವಾದುದನ್ನು ನಾವು ಬಲಮುರಿಯೆಂದು ಪೂಜಿಸುವೆವು. ಪ್ರಾಣಿಶಾಸ್ತ್ರಜ್ಞರು ಶಂಖವನ್ನು ಬೇರೆ ರೀತಿಯಲ್ಲಿ ಹಿಡಿದು ನೋಡುವವರಾದುದರಿಂದ ಅದೇ ಶಂಖವನ್ನು ಎಡಮುರಿಯೆನ್ನುವರು! "ಸುತ್ತು ಎರಡಿರುವುದು ನಿಜ, ಅತ್ತೆ. ಯಾವುದನ್ನು ಬಲವೆಂದು ಕರೆಯುವುದೆಂಬುದು ಮಾತ್ರ ನಾವು ಹಿಡಿದ ರೀತಿ" ಎಂದಳು.

ಸ್ಫಟಿಕಗಳಲ್ಲಿಯೂ ಈ ಭೇದವುಂಟು. ಫ್ರಾನ್ಸಿನ ಲೂಯಿ ಪಾಶ್ಚರನು 1848ರಲ್ಲಿ, ಇನ್ನೂ ಇಪ್ಪತ್ತೈದರ ತರುಣನಾಗಿದ್ದಾಗ, ಟಾರ್ಟಾರಿಕ್ ಆಮ್ಲದ ಒಂದು ಬಗೆಯ ಲವಣದ ಹರಳುಗಳನ್ನು ಭೂತಗನ್ನಡಿಯ ಕೆಳಗಿಟ್ಟು, ಒಂದಕ್ಕೊಂದು ಕನ್ನಡಿಯ ಬಿಂಬದಂತಿದ್ದ ಎರಡು ರಾಶಿಗಳಾಗಿ ಕೈಯಿಂದಲೇ ಆರಿಸಿಟ್ಟನು. ಆ ಆಮ್ಲವು ನಮಗೆ ಪರಕೀಯವಲ್ಲ. ನಮ್ಮ ಹೊಲದ ಬದುವಿನ ಹುಣಿಸೆಯ ಹುಳಿಯು ಮುಖ್ಯವಾಗಿ ಅದರದೇ. ಹುಣಿಸೆಯ ಮರವು ಅದನ್ನು ಒಂದೇ ಮುರಿಯಲ್ಲಿ ತಯಾರಿಸುವುದಂತೆ. ಪ್ರತಿದಿನವೂ ಸಾರಿಗೆ ಹಿಂಡುವ ಹುಳಿಯಲ್ಲಿ ಇಂತಹ ಮರ್ಮವಿರುವುದೆಂದು ಯಾರು ತಾನೆ ಊಹಿಸಿಯಾರು?

ಇನ್ನು ಸೂಜಿಗಲ್ಲಿನ ವಿಷಯ. ಕಬ್ಬಿಣ, ಮ್ಯಾಂಗನೀಸ್ ಮೊದಲಾದ ಲೋಹಗಳ ಒಂದೊಂದು ಪರಮಾಣುವೂ ಒಂದು ಪುಟ್ಟ ಸೂಜಿಗಲ್ಲಿನಂತೆ ವರ್ತಿಸಬಲ್ಲುದು. ಅವೆಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ ನಿಂತರೆ ನಾವು ಬಲ್ಲ ಸಾಮಾನ್ಯ ಅಯಸ್ಕಾಂತವಾಗುವುದು. ಎಲ್ಲ ವಸ್ತುಗಳಲ್ಲಿಯೂ ಹಾಗೆ ನಿಲ್ಲುವುದಿಲ್ಲ. ಅಮೆರಿಕದ ಕ್ಲಿಫರ್ಡ್ ಶಲ್ ಎಂಬುವರು ತಮ್ಮ ಜೊತೆಗಾರರೊಡನೆ 1949ರಲ್ಲಿ ಮ್ಯಾಂಗನೀಸಿನ ಒಂದು ಆಕ್ಸೈಡನ್ನು ಪರೀಕ್ಷಿಸಿ, ಅದರಲ್ಲಿ ಒಂದು ಸಾಲು ಪೂರ್ವಕ್ಕೆ ನೋಡಿದರೆ ಮುಂದಿನ ಸಾಲು ಪಶ್ಚಿಮಕ್ಕೆ ನೋಡುವುದೆಂದು ತೋರಿಸಿದರು. ಪೈರೊಲುಸೈಟ್ ಎಂಬುದು ಮ್ಯಾಂಗನೀಸಿನ ಇನ್ನೊಂದು ಆಕ್ಸೈಡು. ನಮ್ಮ ನೆರೆಯ ಸಂಡೂರಿನ ಗುಡ್ಡಗಳಿಂದ ಅಗೆದು ತರುವ ಕಪ್ಪು ಅದಿರಿನಲ್ಲಿಯೂ ಅದುಂಟು. ಅದನ್ನು ಶೂನ್ಯಕ್ಕಿಂತ ಸುಮಾರು 181 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪುಮಾಡಿದರೆ, ಸಾಲಿನಿಂದ ಸಾಲಿಗೆ ಪರಮಾಣುಗಳು ಇಷ್ಟಿಷ್ಟೇ ತಿರುಗುತ್ತ ಹೋಗಿ ಸುರುಳಿಯಾಗುವುವೆಂದು ಜಪಾನಿನ ಯೋಶಿಮೊರಿಯವರು 1959ರಲ್ಲಿ ವಿವರಿಸಿದರು. ಲಾರಿಗಳಲ್ಲಿ ಹೋಗುವ ಆ ಕಪ್ಪು ಕಲ್ಲನ್ನು ನಾವೆಷ್ಟು ಬಾರಿ ನೋಡಿಲ್ಲ!

ಆದರೆ ಪೈರೊಲುಸೈಟಿನ ಹರಳಿಗೆ ತನ್ನದೆಂಬ ಮುರಿಯಿಲ್ಲ. ಸುರುಳಿಯು ಎಡಕ್ಕಾದರೂ ಸರಿ, ಬಲಕ್ಕಾದರೂ ಸರಿ. ಹರಳಿಗೇ ಹುಟ್ಟಿನಿಂದ ಮುರಿಯಿದ್ದರೆ ಹಾಗಲ್ಲ. ಮ್ಯಾಂಗನೀಸನ್ನೂ ಮರಳಿನ ಮೂಲವಸ್ತುವಾದ ಸಿಲಿಕಾನನ್ನೂ ಸರಿಸಮವಾಗಿ ಕೂಡಿಸಿದ ಹರಳು ಇಂತಹುದು. ಶೂನ್ಯಕ್ಕಿಂತ ಸುಮಾರು 244 ಡಿಗ್ರಿ ಕೆಳಗೆ ಅದರ ಕಾಂತಗಳು ಸುರುಳಿಗಟ್ಟುವುವೆಂದು 1976ರಲ್ಲಿ ತಿಳಿದುಬಂದಿತು. ಹರಳಿನ ಸುಮಾರು ನಾಲ್ವತ್ತು ಮನೆಗಳನ್ನು ದಾಟಿದ ಮೇಲೆ ಒಂದು ಸುತ್ತು ಪೂರ್ತಿಯಾಗುವುದು. ಆ ಸುತ್ತಿನ ಉದ್ದವು ಹದಿನೆಂಟು ನ್ಯಾನೊಮೀಟರು, ಎಂದರೆ ಕೂದಲೆಳೆಯ ದಪ್ಪದಲ್ಲಿ ಸಾವಿರಾರು ಸುತ್ತುಗಳು ಹಿಡಿಸಿಯಾವು. ಸುರುಳಿಯು ಯಾವ ಕಡೆಗೆ ತಿರುಗಬೇಕೆಂಬುದನ್ನು ಹರಳಿನ ಮುರಿಯೇ ಗೊತ್ತುಮಾಡುವುದು.

"ಅಷ್ಟು ಸಣ್ಣದನ್ನು ಯಾರು ಕಂಡವರು?" ಎಂದು ನಾವು ಸ್ವಲ್ಪ ಕೊಂಕಾಗಿಯೇ ಕೇಳಿದೆವು.

ಆಕೆಯು ಹೇಳಿದುದರ ಸಾರಾಂಶವು ಇದು. ಎಕ್ಸ್‌ ಕಿರಣಗಳು ಪರಮಾಣುಗಳು ಎಲ್ಲೆಲ್ಲಿ ಕುಳಿತಿವೆಯೆಂಬುದನ್ನು ಚೆನ್ನಾಗಿ ತಿಳಿಸುವುವು. ಅವುಗಳ ಕಾಂತವು ಯಾವ ಕಡೆಗೆ ಮುಖಮಾಡಿದೆಯೆಂಬುದು ಅವಕ್ಕೆ ಸುಲಭವಾಗಿ ಕಾಣದು. ಅದಕ್ಕೆ ಬೇಕಾದುದು ನ್ಯೂಟ್ರಾನು. 1932ರಲ್ಲಿ ಚಾಡ್ವಿಕ್ ಎಂಬುವರು ಕಂಡುಹಿಡಿದ ಈ ಕಣಕ್ಕೆ ವಿದ್ಯುತ್ತಿಲ್ಲ. ಆದುದರಿಂದ ಯಾರ ತಡೆಯೂ ಇಲ್ಲದವರಂತೆ ವಸ್ತುವಿನ ಒಳಮನೆಯವರೆಗೂ ಹೋಗಬಲ್ಲುದು. ಅಲ್ಲದೆ ಅದು ತಾನೇ ಒಂದು ಪುಟ್ಟ ಸೂಜಿಗಲ್ಲು. ಒಳಗಿರುವ ಕಾಂತಗಳು ಅದನ್ನು ಗುರುತಿಸಿ ಮಾತನಾಡಿಸುವುವು. ನ್ಯೂಟ್ರಾನಿಗೆ ಅಲೆಯ ಗುಣವೂ ಉಂಟು. ಕೆರೆಯ ಅಲೆಗಳು ಸಾಲುಗಂಬಗಳ ನಡುವೆ ನುಗ್ಗಿ ಆಚೆಗೆ ಕೆಲವು ದಿಕ್ಕುಗಳಲ್ಲಿ ಸೇರಿ ಏಳುವಂತೆ, ಕೆಲವು ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿಹಾಕುವಂತೆ, ನ್ಯೂಟ್ರಾನಿನ ಅಲೆಗಳೂ ಪರಮಾಣುಗಳ ಸಾಲುಗಳಿಂದ ಚೆದರಿ ಕೆಲವು ಕೋನಗಳಲ್ಲಿ ಮಾತ್ರ ದಟ್ಟವಾಗಿ ಹೊರಬರುವುವು. ಆ ಕೋನಗಳನ್ನಳೆದು ಒಳಗಿನ ರಚನೆಯನ್ನು ಲೆಕ್ಕದಿಂದ ಕಟ್ಟುವುದೇ ನ್ಯೂಟ್ರಾನ್ ವಿವರ್ತನೆ. ಈ ಮಾರ್ಗವನ್ನು ತೆರೆದುದಕ್ಕಾಗಿ ಶಲ್ ಅವರಿಗೆ 1994ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ನ್ಯೂಟ್ರಾನುಗಳಿಂದ ಪರಮಾಣುಗಳ ಚಲನೆಯನ್ನಳೆದ ಕೆನಡಾದ ಬ್ರಾಕ್‌ಹೌಸರೂ ಅದರಲ್ಲಿ ಪಾಲುಗೊಂಡರು.

ನ್ಯೂಟ್ರಾನುಗಳನ್ನು ಧಾರಾಳವಾಗಿ ಕೊಡತಕ್ಕುದು ಪರಮಾಣು ಕುಲುಮೆ. ಟ್ರಾಂಬೆಯಲ್ಲಿ 1956ರಲ್ಲಿ ಅಪ್ಸರಾ, 1960ರಲ್ಲಿ ಸೈರಸ್, 1985ರಲ್ಲಿ ಧ್ರುವ ಎಂಬ ಕುಲುಮೆಗಳು ಹೊತ್ತಿಕೊಂಡುವು. ಸೈರಸ್ಸನ್ನು 2010ರ ಕೊನೆಯಲ್ಲಿ ನಂದಿಸಿದರು. ನಮ್ಮ ನಾಡಿನ ತಿಪಟೂರಿನಲ್ಲಿ ಹುಟ್ಟಿದ ಡಾಕ್ಟರ್ ರಾಜಾರಾಮಣ್ಣನವರು ಆ ಕೇಂದ್ರದ ಆದಿಕಾಲದಿಂದಲೂ ದುಡಿದು ಅದರ ಮುಖ್ಯಸ್ಥರಾದವರು. ನ್ಯೂಟ್ರಾನು ಚೆದರುವಿಕೆಯ ಅಭ್ಯಾಸವನ್ನು ಅಲ್ಲಿ ಬೆಳೆಸಿದವರು ಪಿ. ಕೆ. ಅಯ್ಯಂಗಾರ್ಯರು, ಬ್ರಾಕ್‌ಹೌಸರ ಬಳಿ ಕೆಲಸ ಕಲಿತು ಬಂದವರು. ಈಗ ನಮ್ಮ ಹುಡುಗಿಯಂತಹ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಧ್ರುವದ ಬಳಿ ಸರದಿಯಂತೆ ಪ್ರಯೋಗ ನಡೆಸಬಹುದಂತೆ.

ತಾನು ತಿಂಗಳುಗಟ್ಟಲೆ ಕುದಿಸಿ ಅರೆದು ಮಾಡಿದ ಒಂದು ಹಿಡಿ ಪುಡಿಯನ್ನು ವೆನೇಡಿಯಂ ಲೋಹದ ಪುಟ್ಟ ಡಬ್ಬಿಯಲ್ಲಿ ತುಂಬುವಳು. ಆ ಲೋಹವು ನ್ಯೂಟ್ರಾನುಗಳ ಚಿತ್ರದಲ್ಲಿ ಬಹುಮಟ್ಟಿಗೆ ಕಾಣಿಸಿಕೊಳ್ಳುವುದಿಲ್ಲವಾದುದರಿಂದ ಅದನ್ನೇ ಆರಿಸುವರು. ದ್ರವ ಹೀಲಿಯಮ್ಮಿನಿಂದ ಅದನ್ನು ತಂಪುಮಾಡಿ, ದಪ್ಪ ಗೋಡೆಯನ್ನು ಕೊರೆದು ಬರುವ ನ್ಯೂಟ್ರಾನು ಧಾರೆಗೆ ಎದುರಾಗಿಡುವಳು. ಬಳಿಕ ಎಣಿಕೆ, ರಾತ್ರಿಯೆಲ್ಲ ಎಣಿಕೆ. ಬೆಚ್ಚಗಿರುವಾಗ ಹರಳಿನ ರಚನೆಯ ಶಿಖರಗಳು ಮಾತ್ರ ಕಾಣುವುವು. ತಂಪಾಗುತ್ತ ಹೋದಂತೆ ಕೆಲವು ಶಿಖರಗಳ ಇಕ್ಕೆಲಗಳಲ್ಲಿ, ದೊಡ್ಡ ದೀಪದ ಪಕ್ಕದಲ್ಲಿ ಎರಡು ಹಣತೆ ಹಚ್ಚಿಟ್ಟಂತೆ, ಎರಡು ಪುಟ್ಟ ಶಿಖರಗಳು ಏಳುವುವು. ಸುರುಳಿಯು ಹುಟ್ಟಿತೆಂಬುದಕ್ಕೆ ಅದೇ ಗುರುತು. ಆ ಹಣತೆಗಳು ದೊಡ್ಡ ದೀಪದಿಂದ ಎಷ್ಟು ದೂರವಿವೆಯೆಂಬುದರಿಂದ ಸುತ್ತಿನ ಉದ್ದವನ್ನು ಲೆಕ್ಕ ಹಾಕುವರು.

"ಹಾಗಾದರೆ ಎಡವೋ ಬಲವೋ ತಿಳಿಯಿತಲ್ಲ" ಎಂದೆವು.

"ಇಲ್ಲ, ಮಾವ. ಅಲ್ಲಿಯೇ ಇರುವುದು ಕಷ್ಟ" ಎಂದಳು. ಸಾಮಾನ್ಯವಾದ ಧಾರೆಯಲ್ಲಿ ನ್ಯೂಟ್ರಾನುಗಳ ಮುಖಗಳು ಸಂತೆಯ ಜನದಂತೆ ಕಂಡಕಂಡ ಕಡೆಗಿರುವುವು. ಅಂತಹ ಧಾರೆಗೆ ಎಡಸುರುಳಿಯೂ ಬಲಸುರುಳಿಯೂ ಒಂದೇ. ಎರಡು ಹಣತೆಗಳೂ ಸಮನಾಗಿ ಬೆಳಗುವುವು. ಎಲ್ಲ ನ್ಯೂಟ್ರಾನುಗಳ ಕಾಂತಮುಖವನ್ನೂ ಒಂದೇ ಕಡೆಗೆ ತಿರುಗಿಸಿ, ಒಂದೇ ಮನಸ್ಸಿನಿಂದೆಂಬಂತೆ ಕಳುಹಿಸಿದಾಗ ಮಾತ್ರ ಒಂದು ಹಣತೆಯು ಉಜ್ಜ್ವಲವಾಗಿ ಇನ್ನೊಂದು ಮಂಕಾಗುವುದು. ಆಗ ಮುರಿಯು ಯಾವುದೆಂಬುದು ಗೊತ್ತಾಗುವುದು. ಮ್ಯಾಂಗನೀಸ್ ಸಿಲಿಸೈಡಿನ ಮುರಿಯನ್ನು ಜಪಾನಿನ ವಿಜ್ಞಾನಿಗಳು ಹೀಗೆಯೇ 1980ರ ದಶಕದಲ್ಲಿ ನಿರ್ಣಯಿಸಿದರು.

ಮುಂದಿನ ಮಾತು ನಮ್ಮನ್ನು ಇನ್ನೂ ಹೆಚ್ಚಾಗಿ ತಟ್ಟಿತು. ಇದೇ ಜಾತಿಯ ಹರಳುಗಳಲ್ಲಿ ಜರ್ಮೇನಿಯಮ್ಮಿನೊಡನೆ ಮ್ಯಾಂಗನೀಸನ್ನೂ ಕಬ್ಬಿಣವನ್ನೂ ಬೆರೆಸಿ ನೋಡಿರುವರು. ಮ್ಯಾಂಗನೀಸು ಹೆಚ್ಚಾಗಿರುವಾಗ ಕಾಂತದ ಸುರುಳಿಯು ಹರಳಿನ ಮುರಿಗೆ ಒಂದು ರೀತಿಯಲ್ಲಿ ನಡೆದರೆ, ಕಬ್ಬಿಣವು ಹೆಚ್ಚಾದಾಗ ಅದಕ್ಕೆ ಎದುರಾಗಿ ನಡೆಯುವುದು. ಎರಡು ಒತ್ತಾಯಗಳೂ ಸರಿಸಮವಾಗುವ ಒಂದು ಬೆರಕೆಯಲ್ಲಿ ಸುರುಳಿಯು ಎಡಕ್ಕೂ ತಿರುಗದು, ಬಲಕ್ಕೂ ತಿರುಗದು, ಬಿಚ್ಚಿಕೊಂಡು ನೇರವಾಗಿಬಿಡುವುದು. "ನೋಡುವವರಿಗೆ ಅದು ಸಾಧಾರಣ ಸೂಜಿಗಲ್ಲಿನಂತೆ ಕಾಣುತ್ತದೆ, ಮಾವ. ಆದರೆ ಹರಳಿನ ಒಳಮುರಿ ಎಲ್ಲಿಗೂ ಹೋಗಿರುವುದಿಲ್ಲ. ಆ ಹರಳನ್ನು ಕುಟ್ಟಿ ಚೂರುಮಾಡಿದರೂ ಒಂದೊಂದು ಚೂರಿನಲ್ಲಿಯೂ ಅದೇ ಮುರಿ ಉಳಿದಿರುತ್ತದೆ."

ಪಡಸಾಲೆಯಲ್ಲಿ ಕೆಲವು ಕ್ಷಣ ಯಾರೂ ಮಾತನಾಡಲಿಲ್ಲ. ನಮ್ಮ ಮನೆಯಾಕೆಯೇ ಮೌನವನ್ನು ಮುರಿದು, "ಇದೆಲ್ಲ ಸರಿ ತಾಯಿ, ಇದರಿಂದ ಯಾರ ಹೊಟ್ಟೆ ತುಂಬೀತು?" ಎಂದಳು. ಹುಡುಗಿಯು ನೊಂದುಕೊಳ್ಳದೆ ಉತ್ತರವಿತ್ತಳು. ಧ್ರುವದಂತಹ ಕುಲುಮೆಯಿಂದಲೇ ಆಸ್ಪತ್ರೆಗಳಿಗೆ ಬೇಕಾದ ವಿಕಿರಣಶೀಲ ವಸ್ತುಗಳೂ ಒದಗುವುವು. ಅದು ಪ್ರತ್ಯಕ್ಷವಾದ ಉಪಯೋಗ. ಮುರಿಯುಳ್ಳ ಹರಳುಗಳ ಫಲವು ಇನ್ನೂ ಹೊಲದಲ್ಲಿರುವುದು. ಜರ್ಮನಿಯ ಮ್ಯೂನಿಕ್ಕಿನ ವಿಜ್ಞಾನಿಗಳು 2009ರಲ್ಲಿ ಅದೇ ಮ್ಯಾಂಗನೀಸ್ ಸಿಲಿಸೈಡನ್ನು ತಕ್ಕಷ್ಟು ಕಾಂತಕ್ಷೇತ್ರದಲ್ಲಿಟ್ಟು ನ್ಯೂಟ್ರಾನುಗಳಿಂದ ನೋಡಿದಾಗ, ಆರು ದಳದ ಹೂವಿನಂತೆ ಆರು ಚುಕ್ಕಿಗಳು ಕಂಡುವು. ಕಾಂತವು ಜೇನುಗೂಡಿನ ಕ್ರಮದಲ್ಲಿ ಪುಟ್ಟಪುಟ್ಟ ಸುಳಿಗಳಾಗಿ ನಿಂತಿದ್ದುದೇ ಅದಕ್ಕೆ ಕಾರಣ. ಈ ಸುಳಿಗಳಿಗೆ ಸ್ಕರ್ಮಿಯಾನ್ ಎಂದು ಹೆಸರು. ಅತ್ಯಲ್ಪ ವಿದ್ಯುತ್ತಿನಿಂದ ಅವನ್ನು ಸರಿಸಬಹುದಾದುದರಿಂದ, ಮುಂದೆ ಲೆಕ್ಕಪತ್ರಗಳನ್ನೂ ಚಿತ್ರಗಳನ್ನೂ ಸ್ವಲ್ಪ ಜಾಗದಲ್ಲಿ ಶೇಖರಿಸಿಡಲು ಅನುಕೂಲವಾದೀತೆಂದು ಪ್ರಯತ್ನಗಳು ನಡೆದಿರುವುವು. "ಆದೀತು ಎಂದಷ್ಟೇ ಹೇಳಬಲ್ಲೆ, ಅತ್ತೆ. ಆಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ" ಎಂದಳು. ಈ ಮಾತನ್ನು ಕೇಳಿ ನಮಗೆ ಅವಳ ವಿದ್ಯೆಯ ಮೇಲೆ ಗೌರವವು ಹುಟ್ಟಿತು.

ನಾವು ಮೆಲ್ಲನೆ, "ಆಗ ನಾವು ನಿನ್ನ ಕೈ ಕಟ್ಟಿದ್ದುದು ನಿನಗೆ ನೆನಪಿದೆಯೆ?" ಎಂದು ಕೇಳಿದೆವು. ಕೇಳಬಾರದಿತ್ತೇನೋ, ಆದರೆ ಕೇಳದಿರಲಾರದೆ ಹೋದೆವು.

ಅವಳು ನಕ್ಕಳು. ಬಲಗೈಯಿಂದ ಎಡ ಮಣಿಕಟ್ಟನ್ನು ಒಮ್ಮೆ ಮುಟ್ಟಿಕೊಂಡಳು. "ಹನ್ನೆರಡು ದಿನ, ಮಾವ. ಬಟ್ಟೆ ಅವ್ವನ ಹಳೆಯ ಸೀರೆಯದು, ಹಸಿರು ಅಂಚು. ಕಾಲೇಜಿನಲ್ಲಿ ಎಲ್ಲರೆದುರಿಗೆ ಇಂದಿಗೂ ಬಲಗೈಯಲ್ಲಿಯೇ ಬರೆಯುತ್ತೇನೆ. ಟ್ರಾಂಬೆಯಲ್ಲಿ ರಾತ್ರಿ ಎರಡು ಗಂಟೆಗೆ, ಎಣಿಕೆ ನಡೆಯುತ್ತಿರುವಾಗ, ಪಕ್ಕದಲ್ಲಿ ಯಾರೂ ಇರುವುದಿಲ್ಲ. ಕಷ್ಟದ ಲೆಕ್ಕ ಬಂದರೆ ಪೆನ್ಸಿಲು ತಾನಾಗಿ ಎಡಗೈಗೆ ಬಂದುಬಿಡುತ್ತದೆ. ಆಗ ಲೆಕ್ಕವೂ ಬಿಡುತ್ತದೆ."

ಇದಕ್ಕೆ ನಾವು ಕೊಡಬಹುದಾದ ಉತ್ತರವು ಯಾವುದೂ ಇರಲಿಲ್ಲ. ನೂರಾರು ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದವರೆಂಬ ಹೆಮ್ಮೆಯಿಂದ ಇದುವರೆಗೆ ಬಾಳಿದ್ದೆವು. ಅವರಲ್ಲಿ ಎಷ್ಟು ಕೈಗಳನ್ನು ಕಟ್ಟಿದೆವೆಂಬ ಲೆಕ್ಕವನ್ನು ಇಟ್ಟಿರಲಿಲ್ಲ. ನಮ್ಮ ಕಣ್ಣಿಗೆ ಎಲ್ಲ ಮಕ್ಕಳೂ ನೇರವಾಗಿ ಕಂಡುವು. ನೇರವಾಗಿ ಕಂಡಮಾತ್ರಕ್ಕೆ ಒಳಗಿನ ಮುರಿಯು ಇಲ್ಲವಾಗುವುದಿಲ್ಲವೆಂಬುದು ನಮಗೆ ಹೊಳೆಯಲಿಲ್ಲ. ಮಗುವಿನ ಮನಸ್ಸು ಯಾವ ಕಡೆಗೆ ತಿರುಗಿದೆಯೆಂದು ತಿಳಿಯಬೇಕಾದರೆ, ದೊಣ್ಣೆಯನ್ನು ಹಿಡಿದು ಹೊರಗೆ ನಿಂತರೆ ಸಾಲದು. ಅದರೊಡನೆ ಮಾತನಾಡಬಲ್ಲ ಗುಣವೊಂದು ನಮ್ಮಲ್ಲಿಯೂ ಇರಬೇಕು.

ಮೊಮ್ಮಗನು ಇಷ್ಟು ಹೊತ್ತೂ ಹಗ್ಗದ ತುಂಡುಗಳೊಡನೆ ಆಡುತ್ತಿದ್ದನು. ನಾವು ಬಳಪವನ್ನು ಅವನ ಮುಂದೆ ನೆಲದ ಮೇಲಿಟ್ಟು ಸುಮ್ಮನೆ ಕುಳಿತೆವು. ಅವನು ಒಮ್ಮೆ ನಮ್ಮ ಮುಖವನ್ನು ನೋಡಿ ಎಡಗೈಯಿಂದ ಅದನ್ನು ತೆಗೆದುಕೊಂಡು 'ಅ'ಕಾರವನ್ನು ಬರೆದನು. ಅಕ್ಷರವು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿದ್ದಿತು. ಹಿಂದಿನ ದಿನಗಳಾಗಿದ್ದರೆ ದೊಣ್ಣೆಯು ಏಳುತ್ತಿದ್ದ ಸಮಯವದು. ನಾವು ಅವನ ಕೈಹಿಡಿದು ತಿದ್ದಿಸಲೆಂದು ಬಾಗಿದೆವು. 'ಅ'ಕಾರವನ್ನು ಎಂದೂ ಎಡಗೈಯಿಂದ ಬರೆದರಿಯದ ನಮಗೆ ಅವನ ಕೈಯನ್ನು ನಡೆಯಿಸಲು ಬರಲಿಲ್ಲ. ಸೋದರಸೊಸೆಯು ಎದ್ದು ಬಂದು ಅವನ ಹಿಂದೆ ಕುಳಿತು, ತನ್ನ ಎಡಗೈಯನ್ನು ಅವನ ಎಡಗೈಯ ಮೇಲಿಟ್ಟಳು. ಇಬ್ಬರೂ ಕೂಡಿ ಬರೆದರು. ಈ ಸಲ 'ಅ'ಕಾರವು ನೆಟ್ಟಗೆ ಬಂದಿತು.

ನಮ್ಮ ಮನೆಯಾಕೆಯು ಒಳಗಿನಿಂದ ತೇರಿನ ಪ್ರಸಾದವನ್ನು ತಂದಳು. "ಬರೆಯುವುದು ಯಾವ ಕೈಯಲ್ಲಾದರೂ ಬರೆಯಲಿ, ಇದಕ್ಕೆ ಮಾತ್ರ ಬಲಗೈ" ಎಂದಳು. ಹುಡುಗನು ಬಲಗೈಯನ್ನು ಚಾಚಿದನು. ಅವನ ಅತ್ತೆಯೂ ಚಾಚಿದಳು. ಅಷ್ಟರ ಮಟ್ಟಿಗೆ ರೂಢಿಯೂ ಉಳಿಯಿತು, ಮಗುವೂ ಉಳಿಯಿತು.